ಮೊದಲ ಅಟ್ಟಣೆ

ಮೊದಲು ಹಗ್ಗ, ಅಂದಿದ್ದ ಜವರನಾಯಕ.
ಕೋವಿ ಆಮೇಲೆ.
ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನು,
ಹಿಡಿತ ಸಿಗುತ್ತದೆ, ಮಂಡಿ ಸುಲಿಯುತ್ತದೆ.
"ಬರಿಗೈಲಿ ಹತ್ತು. ಹಗ್ಗದ ತುದಿ ಸೊಂಟಕ್ಕೆ.
ಕೊಂಬೆಗೆ ನಿನ್ನ ನೀನೇ ಕಟ್ಕೊಂಡು
ಉಸಿರು ಸರಿಹೋದ ಮ್ಯಾಲೆ ಸೇದು,
ಬಾವಿ ಕೊಡದ ಹಂಗೆ ಕೋವಿ ಬತ್ತದೆ,
ಬಾಯಿ ಕೆಳಕ್ಕೆ, ಹೊಟ್ಟೆ ಖಾಲಿ.
ತೋಟ ತುಂಬಿದ ಕೋವಿ ಹೊತ್ತು ಮರ ಹತ್ತಿದೋನ
ಹೆಂಡ್ತಿ ಹೊಳೆಯಾಚೆ ಅವ್ಳೆ, ಹೋಗಿ ಕೇಳು."

ನುಗುವಿಗೆ ಕಟ್ಟೆ ಬಿದ್ದ ಮೂರನೇ ಚಳಿಗಾಲ.
ನನಗೆ ಹದಿನೇಳು, ಮೀಸೆ ಇನ್ನೂ ಗೆರೆ.
ಲೈಸೆನ್ಸು ಅವನದು, ಕೋವಿ ಅವನದು,
ನನ್ನದು ಅಂತ ಇದ್ದದ್ದು
ಎರಡು ಮುದ್ದೆ ಕಟ್ಟಿದ ಬುತ್ತಿ
ಮತ್ತು ಬಾಯಿ.
ಅದನ್ನು ಮುಚ್ಚಲು ಕಲಿಯುವುದಕ್ಕೇ
ಮೂರು ರಾತ್ರಿ ಹಿಡಿಯಿತು.

ಎದುರಿಗೆ ನೆಲ್ಲಿ ಮರಗಳು, ಕಾಯಿ ಉದುರುವ ಕಾಲ.
"ಜಿಂಕೆ ಬರೋ ದಾರಿ ಮ್ಯಾಲೆ ಕೂರಬಾರ್ದು, ದ್ಯಾವಣ್ಣ,
ಪಕ್ಕದಲ್ಲಿ ಕೂರು. ಮದುವೆ ಮನೇಲಿ
ಸಾಲ ಕೊಟ್ಟೋನು ಕೂರ್ತಾನಲ್ಲ, ಹಂಗೆ."
ಮಡಿಲಿನಿಂದ ಬೂರುಗದ ಅರಳೆ ತೆಗೆದು
ಒಂದೇ ಒಂದು ಎಳೆ ಬಿಟ್ಟ.
ಅವಸರವಿಲ್ಲದೆ ಅದು
ನಮ್ಮ ಬೆನ್ನ ಹಿಂದಕ್ಕೆ ತೇಲಿಹೋಯಿತು.
ಒಳ್ಳೇದು, ಅಂದ, ಕಣ್ಣಲ್ಲೇ.

ಮೊದಲ ರಾತ್ರಿ ಕಟ್ಟಿರುವೆ.
ಎರಡನೆಯದು ನಿದ್ದೆ:
ಬೆಳಗ್ಗೆ ಮರದ ಬುಡದಲ್ಲಿ ಬಿಸಿ ಆರದ ಹಿಕ್ಕೆ,
ಅಲ್ಲಲ್ಲಿ ಉಗುಳಿದ ನೆಲ್ಲಿಬೀಜ.
ಹಗ್ಗ ಇರದಿದ್ದರೆ ನಾನೂ ಅಲ್ಲೇ ಬಿದ್ದಿರುತ್ತಿದ್ದೆ.

ಮೂರನೆಯ ರಾತ್ರಿ ಬಂದವು.
ಬಂದವು ಅಂದರೆ, ಬಂದದ್ದು ಕಾಣಲಿಲ್ಲ,
ಇಲ್ಲದ ಕಡೆ ಇದ್ದವು.
ಬೆಳದಿಂಗಳ ಚುಕ್ಕೆ ಯಾವುದು, ಮೈಯ ಚುಕ್ಕೆ ಯಾವುದು
ಎಂದು ಬಿಡಿಸುವಷ್ಟರಲ್ಲಿ
ಕತ್ತಲ ಒಂದು ತುಂಡು ಕಿವಿ ಆಡಿಸಿತು.
ಐದು ಹೆಣ್ಣು. ಹಿಂದೆ, ನೆರಳಲ್ಲಿ, ಕೊಂಬಿನದು.
ಎದೆ ಹೊಡೆದುಕೊಳ್ಳುವ ರಭಸಕ್ಕೆ
ಅಟ್ಟಣೆಯ ಬಿದಿರು ಕಿರುಗುಟ್ಟಿತು ಅನ್ನಿಸಿ
ಎದೆಯನ್ನೂ ನಿಲ್ಲಿಸಬೇಕೇನೋ ಅಂದುಕೊಂಡೆ.
ನಾಯಕನ ಬೆರಳು ನನ್ನ ತೊಡೆ ಒತ್ತಿತು: ತಡಿ.

ಗಾಳಿ ಮಗ್ಗುಲು ಬದಲಿಸಿತು.
ತಿಳಿಯಲು ಅರಳೆ ಬೇಕಾಗಲಿಲ್ಲ.
ಮುಂದಿನ ಹೆಣ್ಣು ತಲೆ ಎತ್ತಿ, ಕಾಲು ಕುಟ್ಟಿ,
ಸುಳ್ಳು ಹಿಡಿದ ಮೇಷ್ಟ್ರ ಹಾಗೆ
ಒಂದೇ ಸಲ ಕೂಗಿತು.
ಆಮೇಲೆ ಕಾಡು, ಬೋರಲು ಹಾಕಿದ ತಟ್ಟೆ.

ನಾಯಕ ನನ್ನ ತಲೆಯ ಹತ್ತಿರ ಮೂಗು ತಂದ.
"ಹರಳೆಣ್ಣೆ," ಅಂದ. "ಯಾರ್ಲಾ ಹಚ್ಚಿದ್ದು?"
ಅವ್ವ, ಅಂದೆ. ಚಳಿಗೆ ತಲೆ ಒಡೀತದೆ ಅಂತ.
"ಸರಿ. ಜಿಂಕೆಗೆ ಈಗ ನಿಮ್ಮವ್ವ ಗೊತ್ತು."
ನಕ್ಕರೆ ಬಿದಿರು ಅಲ್ಲಾಡೀತೆಂದು
ತುಟಿ ಕಚ್ಚಿ, ಅಳುವವನ ಹಾಗೆ ನಕ್ಕ.

ಹೊಡೆದೆ, ಮರುವರ್ಷ.
ಅದರ ಕತೆ ಚಿಕ್ಕದು: ಸದ್ದು, ಹೊಗೆ,
"ಇಳೀಬ್ಯಾಡ, ಒಂದು ಎಲೆ ಅಡಿಕೆ ಮುಗಿಯೋಗಂಟ ಕೂರು,"
ಹನಿ ಹನಿ ರಕ್ತ ಹಿಡಿದು ಹಳ್ಳದವರೆಗೆ ಲಾಟೀನು.
ಕಣ್ಣು ತೆರೆದೇ ಇತ್ತು.
ತೊಡೆ ನಾಯಕನಿಗೆ, ಮಿಕ್ಕದ್ದರಲ್ಲಿ ಹದಿನಾಲ್ಕು ಪಾಲು.
ಅವ್ವ ಸಾರು ಮಾಡಿದಳು, ತಾನು ಉಣ್ಣಲಿಲ್ಲ.
ಯಾಕೆಂದು ನಾನು ಕೇಳಲಿಲ್ಲ.

ಕಾನೂನು ಬಂತು. ನಾಯಕನ ಕೋವಿ
ಸರಗೂರು ಠಾಣೆಗೆ ಹೋಗಿ ರಸೀತಿಯಾಗಿ ವಾಪಸು ಬಂತು.
ಹಗ್ಗವನ್ನು ಯಾರೂ ಕೇಳಲಿಲ್ಲ.
ಮೂರು ಕಡೆ ಗಂಟು ಬಿದ್ದ ಅದರ ಮೇಲೆ
ಹಿತ್ತಿಲಲ್ಲಿ ಮೊಮ್ಮಗಳ ಯೂನಿಫಾರಂ ಒಣಗುತ್ತದೆ.
ನಾನು ಜಗಲಿಯಲ್ಲಿ, ಬಾಗಿಲಿಗೆ ಅಡ್ಡವಾಗದೆ
ಪಕ್ಕಕ್ಕೆ ಸರಿದು ಕೂತು
ಲಂಗದ ಅಂಚು ಯಾವ ಕಡೆ ವಾಲುತ್ತದೆ ನೋಡುತ್ತೇನೆ.

ಎಣ್ಣೆ ಬಟ್ಟಲು ಹಿಡಿದು ಬರುತ್ತಾಳೆ ಅವಳು.
ಬೇಡ, ಅನ್ನುತ್ತೇನೆ.
ಯಾಕ್ ತಾತ?
ಗಾಳಿ ಈಗ ನಮ್ಮ ಕಡೆಯಿಂದ.